ಗೆಡ್ಡೆಗೆ ರಕ್ತ ಬಂದದ್ದು ಎಲ್ಲಿಂದ?



ಜುದಾ ಫೋಕ್‌ಮನ್ ಅಮೆರಿಕದ ಯೆಹೂದಿ ಗುರುವೊಬ್ಬರ ಮಗ. ಚಿಕ್ಕಂದಿನಲ್ಲಿ ತಂದೆಯ ಜೊತೆ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಕಾಣುತ್ತಿದ್ದ ಅವರು ಮುಂದೆ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರಾದರು.

1960ರ ದಶಕದ ಆರಂಭದಲ್ಲಿ ನೌಕಾಪಡೆಯ ಪ್ರಯೋಗಾಲಯದಲ್ಲಿ ಅವರು ಒಂದು ಸಂಗತಿ ಗಮನಿಸಿದರು. ದೇಹದಿಂದ ಹೊರತೆಗೆದು ಜೀವಂತ ಇರಿಸಿದ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಗೆಡ್ಡೆ ಒಂದೆರಡು ಮಿಲಿಮೀಟರ್ ಬೆಳೆದು ನಿಂತುಬಿಡುತ್ತಿತ್ತು. ಅದನ್ನೇ ಇಲಿಯ ದೇಹಕ್ಕೆ ಹಾಕಿದರೆ ಬೇಗ ದೊಡ್ಡದಾಗುತ್ತಿತ್ತು. ಅಲ್ಲಿ ಗೆಡ್ಡೆಯೊಳಗೆ ಹೊಸ ರಕ್ತನಾಳಗಳು ಬೆಳೆಯುತ್ತಿದ್ದವು.

ಗೆಡ್ಡೆಯೇ ಒಂದು ವಸ್ತುವನ್ನು ಹೊರಬಿಟ್ಟು ರಕ್ತನಾಳಗಳನ್ನು ತನ್ನತ್ತ ಕರೆಯುತ್ತದೆ, ಅದನ್ನು ತಡೆದರೆ ಗೆಡ್ಡೆ ಬೆಳೆಯದು ಎಂದು 1971ರಲ್ಲಿ ಅವರು ಬರೆದರು. ಹೆಚ್ಚಿನವರು ನಂಬಲಿಲ್ಲ. ವರ್ಷಗಟ್ಟಲೆ ಟೀಕೆ ಕೇಳಿದರೂ ಅವರು ಕೆಲಸ ಬಿಡಲಿಲ್ಲ.

1989ರಲ್ಲಿ ನೆಪೋಲಿಯೋನ್ ಫೆರಾರಾ ಅವರ ತಂಡ ವಿಇಜಿಎಫ್ ಎಂಬ ಪ್ರೋಟೀನನ್ನು ಬೇರ್ಪಡಿಸಿ ಗುರುತಿಸಿತು. ಆಮ್ಲಜನಕ ಸಾಲದೆ ಹೋದಾಗ ಗೆಡ್ಡೆಯ ಕೋಶಗಳು ಇದನ್ನು ಹೆಚ್ಚು ಸ್ರವಿಸುತ್ತವೆ. ಪಕ್ಕದ ರಕ್ತನಾಳದ ಒಳಪದರದ ಕೋಶಗಳಿಗೆ ಇದು ತಾಗಿದಾಗ, ಅವು ವಿಭಜನೆಗೊಂಡು ಚಿಗುರಿನಂತೆ ಗೆಡ್ಡೆಯತ್ತ ಸಾಗುತ್ತವೆ. ಗರ್ಭದಲ್ಲಿ ಮಗು ಬೆಳೆಯುವಾಗ, ಗಾಯ ಮಾಯುವಾಗ ದೇಹಕ್ಕೆ ನೆರವಾಗುವ ಕ್ರಿಯೆಯೇ ಇದು. ಗೆಡ್ಡೆ ಅದನ್ನು ಕದ್ದು ಬಳಸುತ್ತದೆ.

ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಔಷಧಿಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕಿತು. ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರಿಗೆ ಕಿಮೋ ಜೊತೆ ಕೊಟ್ಟಾಗ ಆಯುಸ್ಸು ಸುಮಾರು 5 ತಿಂಗಳು ಹೆಚ್ಚಿತು. ಅದು ಪೂರ್ತಿ ಗುಣಪಡಿಸುವ ಮದ್ದಲ್ಲ. ಆದರೆ ಇದೇ ಅರಿವಿನಿಂದ ಬಂದ ಕಣ್ಣಿನ ಚುಚ್ಚುಮದ್ದು ಇಂದು ಸಕ್ಕರೆ ಕಾಯಿಲೆಯವರ ದೃಷ್ಟಿಯನ್ನೂ ಉಳಿಸುತ್ತಿದೆ.

ಫೋಕ್‌ಮನ್ 2008ರಲ್ಲಿ ತೀರಿಕೊಂಡರು. ನಮ್ಮ ಧರ್ಮಕೇಂದ್ರದಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮನೆಗಳಿಗೆ 5 ತಿಂಗಳು ಸಣ್ಣದಲ್ಲ. ಪ್ರಾರ್ಥಿಸೋಣ, ಆ ಮನೆಗಳಿಗೆ ಹೋಗಿಯೂ ಬರೋಣ.