ಕಡಿದ ನರದ ಚರಿತ್ರೆ

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ; ಚರ್ಮ ಹರಿದರೆ ಮಾಯುತ್ತದೆ. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ತೋಳಿನ ನರವೊಂದು ಕಡಿದುಹೋದರೆ? ಮೇಲಿನ ಗಾಯವೇನೋ ಮಾಯುತ್ತದೆ. ಕೈ ಮಾತ್ರ ಜೋಲುಬಿದ್ದು, ಸುಟ್ಟರೂ ಚುಚ್ಚಿದರೂ ಅರಿಯದೆ, ಪರರ ವಸ್ತುವಿನಂತೆ ದೇಹಕ್ಕೆ ಅಂಟಿಕೊಂಡಿರುತ್ತದೆ. ಇಂಥ ನರವನ್ನು ಮತ್ತೆ ಕೂಡಿಸಬಹುದೆ, ಕೂಡಿಸಿದರೆ ಅದರೊಳಗೆ ನಡೆಯುವುದೇನು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಲು ಯೂರೋಪಿನ ವೈದ್ಯರಿಗೆ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಅದನ್ನು ತಿಳಿಯುವುದಕ್ಕಾಗಿ ಒಬ್ಬ ವೈದ್ಯನು ತನ್ನ ತೋಳನ್ನೇ ಕೊಯ್ಯಿಸಿಕೊಂಡ ಪ್ರಸಂಗವೂ ಈ ಚರಿತ್ರೆಯಲ್ಲಿ ಬರುತ್ತದೆ.

ಪ್ರಾಚೀನ ಗ್ರೀಕರು ನರಕ್ಕೂ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿಗೂ ಒಂದೇ ಪದವನ್ನು ಬಳಸುತ್ತಿದ್ದರು. ಅವರನ್ನು ಕಂಡು ನಾವು ನಗುವ ಹಾಗಿಲ್ಲ. ನಮ್ಮ ಆಡುಮಾತಿನಲ್ಲಿಯೂ 'ನರ'ವೆಂದರೆ ಒಮ್ಮೆ ರಕ್ತನಾಳ, ಒಮ್ಮೆ ಕತ್ತಿನ ಹುರಿ. 18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಕ್ರುಯಿಕ್‌ಶಾಂಕ್ ಎಂಬ ಅಂಗರಚನಾ ಶಾಸ್ತ್ರಜ್ಞನು ನಾಯಿಗಳ ಕತ್ತಿನ ನರವನ್ನು ಕತ್ತರಿಸಿ, ಕೆಲವು ವಾರಗಳ ಮೇಲೆ ತುದಿಗಳು ಕೂಡಿಕೊಂಡಿರುವುದನ್ನು ಕಂಡನು. ಕೂಡಿಕೊಂಡುದು ನಿಜವಾದ ನರವೋ ಬರಿಯ ಕಲೆಯೋ ಎಂಬ ವಾದವೆದ್ದಿತು. 1850ರಲ್ಲಿ ಅಗಸ್ಟಸ್ ವಾಲರ್ ಎಂಬಾತನು ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ, ಮೂಲದಿಂದ ಬೇರ್ಪಟ್ಟ ಭಾಗ ಕೆಲವೇ ದಿನಗಳಲ್ಲಿ ಶಿಥಿಲವಾಗಿಬಿಡುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದನು. ಅಂದರೆ ವೈದ್ಯನು ಎರಡು ತುದಿಗಳನ್ನು ಎಷ್ಟೇ ಅಂದವಾಗಿ ಹೊಲಿದರೂ, ಅವನು ಜೀವಂತವಾದ ತುದಿಗೆ ಹೊಲಿದುದು ಒಂದು ಸತ್ತ ನಾಳವನ್ನು. ಹಾಗಾದರೆ ಸಂವೇದನೆ ಮರಳುವುದು ಹೇಗೆ?

ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಹೆನ್ರಿ ಹೆಡ್ ಎಂಬ ವೈದ್ಯನು ರೋಗಿಯ ಕಡೆಯಿಂದ ನೋಡಿದನು. ನರ ಕಡಿದು ಆಸ್ಪತ್ರೆಗೆ ಬಂದವರನ್ನು ಆತನು ಪರೀಕ್ಷಿಸುತ್ತಿದ್ದನು. ಅವರ ಉತ್ತರಗಳು ಹೌದು, ಇಲ್ಲ ಎಂಬಷ್ಟರಲ್ಲಿಯೇ ಮುಗಿಯುತ್ತಿದ್ದವು. ದುಡಿದು ತಿನ್ನಬೇಕಾದವನು ಗಂಟೆಗಟ್ಟಲೆ ಕುಳಿತು ತನ್ನ ಚರ್ಮದ ಅನುಭವವನ್ನು ವಿಶ್ಲೇಷಿಸಬೇಕೆಂದು ಕೇಳುವುದು ನ್ಯಾಯವೂ ಅಲ್ಲ. ಆದುದರಿಂದ ಹೆಡ್ಡನು ತಾನೇ ರೋಗಿಯಾದನು. 1903ನೆಯ ಇಸವಿ ಏಪ್ರಿಲ್ 25ರಂದು, ತನ್ನ 41ನೆಯ ವಯಸ್ಸಿನಲ್ಲಿ, ಎಡತೋಳಿನ ಮೊಣಕೈಯ ಬಳಿ ಚರ್ಮಕ್ಕೆ ಹೋಗುವ ನರಗಳನ್ನು ಕತ್ತರಿಸಿಕೊಂಡು, ತುದಿಗಳನ್ನು ರೇಷ್ಮೆಯ ನವುರಾದ ಎಳೆಯಿಂದ ಹೊಲಿಸಿಕೊಂಡನು. ಅವು ಸ್ಪರ್ಶವನ್ನು ತಿಳಿಸುವ ನರಗಳು. ಕೈ ಆಡಿಸುವುದಕ್ಕೆ ಅಡ್ಡಿಯಾಗಲಿಲ್ಲ.

ಪರೀಕ್ಷಕನಾಗಿ ದೊರೆತವನು ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನ ರಿವರ್ಸ್. ನಮ್ಮ ನೆರೆಯ ನೀಲಗಿರಿಗೆ ಬಂದು ತೋಡರ ನಡೆನುಡಿಗಳನ್ನು ಕಂಡು, 1906ರಲ್ಲಿ ಅವರ ವಿಷಯವಾಗಿ ದೊಡ್ಡ ಗ್ರಂಥವನ್ನು ಪ್ರಕಟಿಸಿದವನೂ ಈತನೇ. ಹೆಡ್ಡನು ಬಿಡುವಾದಾಗಲೆಲ್ಲ ಲಂಡನ್ನಿನಿಂದ ಕೇಂಬ್ರಿಜ್ಜಿಗೆ ಹೋಗಿ, ಕಣ್ಣು ಮುಚ್ಚಿ ಕೈ ಚಾಚಿ ಕೂರುವನು. ರಿವರ್ಸನು ಹತ್ತಿ, ಕೂದಲು, ಸೂಜಿ, ಬಿಸಿನೀರು ತಣ್ಣೀರುಗಳ ಗಾಜಿನ ಕೊಳವೆಗಳು ಇವುಗಳಿಂದ ಅಂಗೈ ಹಿಂಭಾಗವನ್ನು ಮುಟ್ಟುತ್ತ ಬರೆದುಕೊಳ್ಳುವನು. ನಾಲ್ಕು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ 167 ದಿನಗಳು ಹೀಗೆ ಕಳೆದವು. ಮೊದಲು ಹತ್ತಿಯೂ ತಿಳಿಯದು, ಸೂಜಿಯೂ ತಿಳಿಯದು. ಬಲವಾಗಿ ಒತ್ತಿದರೆ ಮಾತ್ರ ಒಳಗೆಲ್ಲೋ ತಿಳಿಯುವುದು. ಕೆಲವು ವಾರಗಳ ಮೇಲೆ ನೋವು ಮರಳಿತು. ಮರಳಿದ ಬಗೆ ವಿಚಿತ್ರ: ಚುಚ್ಚಿದ್ದು ಒಂದೆಡೆ, ನೊಂದದ್ದು ಇನ್ನೊಂದೆಡೆ, ಸಾಮಾನ್ಯ ಚುಚ್ಚುವಿಕೆಗಿಂತ ಅಸಹ್ಯವಾಗಿ ಸುತ್ತಲೂ ಹರಡುವ ನೋವು. ಹತ್ತಿಯ ಮೃದುವಾದ ಸ್ಪರ್ಶ ತಿಳಿಯಲು ವರ್ಷವೇ ಕಳೆಯಬೇಕಾಯಿತು.

ಇವೆರಡನ್ನೂ ಹೆಡ್ಡನು ಎರಡು ಬೇರೆ ಬೇರೆ ನರವ್ಯೂಹಗಳೆಂದು ಭಾವಿಸಿ, ಒಂದು ಪುರಾತನವಾದುದು, ಇನ್ನೊಂದು ನಾಗರಿಕವಾದುದು ಎಂಬ ಸಿದ್ಧಾಂತವನ್ನು ಹೂಡಿದನು. 1908ರಲ್ಲಿ ಇದು ಅಚ್ಚಾಯಿತು. ಮರುವರ್ಷವೇ ಟ್ರಾಟರ್ ಮತ್ತು ಡೇವಿಸ್ ಎಂಬ ಲಂಡನ್ನಿನ ಇಬ್ಬರು ವೈದ್ಯರು ತಮ್ಮ ನರಗಳನ್ನೂ ಕತ್ತರಿಸಿಕೊಂಡು ನೋಡಿ, ಅಂಥ ಎರಡು ವ್ಯೂಹಗಳು ನಮಗೆ ಕಾಣಲಿಲ್ಲವೆಂದರು! ಸಿದ್ಧಾಂತ ಬಿದ್ದುಹೋಯಿತು. ಹೆಡ್ಡನ ತೋಳಿನ ದಿನಚರಿ ಮಾತ್ರ ಉಳಿಯಿತು. ನರ ಕೂಡಿಕೊಂಡ ದಿನವೇ ಕೈ ಬರುವುದಿಲ್ಲ, ಅದು ತಿಂಗಳುಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸೂಕ್ಷ್ಮವಾದ ಸಾಕ್ಷ್ಯ ಅದುವರೆಗೆ ಇರಲಿಲ್ಲ.

ಹಾಗೇಕೆ ಎಂಬುದನ್ನು ತೋರಿಸಿದವನು ಸ್ಪೇಯಿನ್ ದೇಶದ ಕಹಾಲ್. ಸತ್ತ ಭಾಗವೇ ತನ್ನಷ್ಟಕ್ಕೆ ಚಿಗುರುತ್ತದೆಂಬ ಜರ್ಮನ್ ಪಕ್ಷವನ್ನು ಎದುರಿಸಿ, ಹೊಸ ತಂತು ಮೇಲಿನ ತುದಿಯಿಂದಲೇ ಹೊರಟು, ಸತ್ತ ನಾಳದ ಒಳಗೆ ದಾರಿ ಹಿಡಿದು ಮುಂದೆ ಬೆಳೆಯುತ್ತದೆಂದು ಆತನು ಕಾಣಿಸಿದನು. ದಾರಿ ಸಿಕ್ಕದಿದ್ದರೆ ಕಲೆಯೊಳಗೆ ಸಿಕ್ಕಾಗಿ ನೋಯುವ ಗಂಟಾಗುವುದು. ಆದ್ದರಿಂದ ಶಸ್ತ್ರವೈದ್ಯನು ನರವನ್ನು ಬೆಳೆಸುವವನಲ್ಲ, ದಾರಿ ಕಟ್ಟಿಕೊಡುವವನು.

ಬೆಳೆಯುವ ತಂತು ಎಲ್ಲಿಯವರೆಗೆ ಬಂದಿದೆಯೆಂದು ತಿಳಿಯುವ ಸುಲಭೋಪಾಯ 1915ರಲ್ಲಿ ಸಿಕ್ಕಿತು. ನರದ ದಾರಿಯುದ್ದಕ್ಕೂ ಬೆರಳಿನಿಂದ ತಟ್ಟುತ್ತ ಹೋದರೆ ಒಂದೆಡೆ ಕೈಯಲ್ಲಿ ಜುಮ್ಮೆನ್ನುತ್ತದೆ. ತಿಂಗಳು ಕಳೆದಂತೆ ಆ ಸ್ಥಳ ಕೆಳಕ್ಕೆ ಸರಿಯುತ್ತದೆ. ಇದನ್ನು ಕಂಡವರು ಫ್ರಾನ್ಸಿನ ಟಿನೆಲ್, ಜರ್ಮನಿಯ ಹಾಫ್‌ಮನ್. ಒಂದೇ ವರ್ಷ, ಒಬ್ಬರಿಗೊಬ್ಬರು ತಿಳಿಯದೆ, ಪರಸ್ಪರ ಗುಂಡು ಹಾರಿಸುತ್ತಿದ್ದ ಎರಡು ಸೈನ್ಯಗಳ ಗಾಯಾಳುಗಳಲ್ಲಿ.

ತಂತು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಇತ್ತ ನರವಿಲ್ಲದ ಮಾಂಸಖಂಡ ಒಂದು, ಒಂದೂವರೆ ವರ್ಷ ಕಾದು ಸೊರಗಿದರೆ ಮತ್ತೆ ಸರಿಯಾಗಿ ದುಡಿಯದು. ವೈದ್ಯನ ಸಂಕಟವೆಲ್ಲ ಇಲ್ಲಿದೆ. ಬರಿಯ ಜಜ್ಜುಗಾಯದ ನರ ತಾನಾಗಿಯೇ ಗುಣವಾಗಬಹುದು, ಅದನ್ನು ಕೊಯ್ದರೆ ಕೆಡಿಸಿದಂತೆ. ಪೂರ್ತಿ ಕಡಿದುದನ್ನು ಕಾಯುತ್ತ ಕುಳಿತರೆ ಕಾಲ ಮೀರುತ್ತದೆ. 1943ರಲ್ಲಿ ಆಕ್ಸ್‌ಫರ್ಡಿನ ಸೆಡನ್ ನರದ ಪೆಟ್ಟನ್ನು ಮೂರು ತರಗತಿಗಳಾಗಿ ವಿಂಗಡಿಸಿದುದು ಈ ನಿರ್ಣಯಕ್ಕಾಗಿಯೇ.

1960ರ ದಶಕದಿಂದ ಸೂಕ್ಷ್ಮದರ್ಶಕದ ಅಡಿಯಲ್ಲಿ ಕೂದಲಿಗಿಂತ ತೆಳುವಾದ ಎಳೆಯಿಂದ ಹೊಲಿಯುವುದು ಸಾಧ್ಯವಾಯಿತು. ತುದಿಗಳನ್ನು ಎಳೆದು ಕೂಡಿಸುವುದಕ್ಕಿಂತ, ಕಾಲಿನ ಒಂದು ಚರ್ಮದ ನರವನ್ನು ತಂದು ನಡುವೆ ಸಡಿಲವಾಗಿ ಇಡುವುದು ಮೇಲೆಂದು ವಿಯೆನ್ನಾದ ಮಿಲೇಸಿ ತೋರಿಸಿದನು. ಬೆಳವಣಿಗೆಯ ವೇಗವನ್ನು ಹೆಚ್ಚಿಸುವ ಪ್ರಯತ್ನಗಳು ನಡೆದೇ ಇವೆ. ಅಷ್ಟರಲ್ಲಿ ಕೆಲವರು ದೂರವನ್ನೇ ಕಡಮೆ ಮಾಡಿದರು: 1994ರಲ್ಲಿ ಪ್ಯಾರಿಸ್ಸಿನ ಓಬರ್ಲಿನ್, ಭುಜದಲ್ಲಿ ನರ ಹರಿದು ಮೊಣಕೈ ಮಡಿಸಲಾರದವರಿಗೆ, ಅಂಗೈಗೆ ಹೋಗುವ ನರದಿಂದ ಒಂದು ಎಳೆಯನ್ನು ಬಿಡಿಸಿ ಪಕ್ಕದಲ್ಲಿಯೇ ಇರುವ ತೋಳಿನ ಮಾಂಸಖಂಡದ ನರಕ್ಕೆ ಕೂಡಿಸಿದನು. ತಂತು ನಡೆಯಬೇಕಾದ ದಾರಿ ಕೆಲವೇ ಅಂಗುಲಗಳಿಗೆ ಇಳಿಯಿತು. ಮೊಣಕೈ ಕೆಲವು ತಿಂಗಳುಗಳಲ್ಲಿ ಮಡಿಯಿತು.