ಕೌಟುಂಬಿಕ ದೌರ್ಜನ್ಯದ ಸಂತ್ರಸ್ತೆಯರು: ಅಧ್ಯಾತ್ಮ ಮತ್ತು ನೆರವು ಸೇವೆಗಳು

ಮನೆಯೊಳಗಿನ ಹಿಂಸೆಗೆ ಗುರಿಯಾದ ಹೆಂಗಸಿಗೆ ದೊರೆಯುವ ತಂಗುವ ವ್ಯವಸ್ಥೆ, ಆಪ್ತಸಮಾಲೋಚನೆ, ಚಿಕಿತ್ಸೆ ಮತ್ತು ಕಾನೂನು ಸಹಾಯಗಳನ್ನು ಒಟ್ಟಾಗಿ ನೆರವು ಸೇವೆಗಳೆಂದು ಕರೆಯುತ್ತಾರೆ. ಆಕೆಯ ಮನೆದೇವರು, ಹರಕೆ, ವ್ರತ, ನಮಾಜುಗಳಿಗೆ ಈ ಸೇವೆಗಳಲ್ಲಿ ಯಾವ ಸ್ಥಾನವಿರಬೇಕೆಂಬುದು ಸುಲಭಕ್ಕೆ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಏಕೆಂದರೆ ಏಟು ತಿಂದವಳನ್ನು ಬದುಕಿಸಿದ ನಂಬಿಕೆಯೇ ಎಷ್ಟೋ ಸಲ ಆಕೆಯನ್ನು ಏಟು ಬೀಳುವ ಮನೆಯಲ್ಲಿ ಹಿಡಿದಿಟ್ಟಿರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾಗಿರುವ ಅಥವಾ ಆಗಿದ್ದ ಹೆಂಗಸರಲ್ಲಿ ಸುಮಾರು ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ಇಡೀ ದೇಶದಲ್ಲಿ ದೈಹಿಕ ಇಲ್ಲವೆ ಲೈಂಗಿಕ ಹಿಂಸೆಗೊಳಗಾದವರ ಪೈಕಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಈ ಮೌನಕ್ಕೆ ಭಯ, ಬಡತನ, ಮಕ್ಕಳ ಚಿಂತೆಗಳ ಜೊತೆಗೆ ‘ಹಣೆಬರಹ’, ‘ಹಿಂದಿನ ಜನ್ಮದ ಕರ್ಮ’, ‘ಸಬರ್’ (ತಾಳ್ಮೆ) ಎಂಬ ಮಾತುಗಳೂ ಕಾರಣ. ಹಿರಿಯರು ಪಂಚಾಯಿತಿ ಮಾಡಿ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದು ಕಳಿಸುವಾಗಲೂ ಇದೇ ಶಬ್ದಗಳು ಬಳಕೆಯಾಗುತ್ತವೆ. ನಿದ್ದೆಗೆಟ್ಟು, ಮಾತು ಬಿಟ್ಟು ಕೂತವಳನ್ನು ಗಾಳಿ ಹಿಡಿದಿದೆಯೆಂದು ಕ್ಷೇತ್ರಗಳಿಗೆ ಕರೆದೊಯ್ಯುವುದೂ ಉಂಟು. ಅಲ್ಲಿ ಹೊಡೆದವನ ಹೆಸರು ಮರೆಯಾಗಿ ದೆವ್ವದ ಹೆಸರು ಮುಂದೆ ಬರುತ್ತದೆ.

ಭಕ್ತಿ ಪರಂಪರೆ ಮಾತ್ರ ಒಂದೇ ದಾರಿಯನ್ನು ತೋರಿಸಿಲ್ಲ. ಹರಿಹರನ ರಗಳೆಯಲ್ಲಿ ಅಕ್ಕಮಹಾದೇವಿಯು ತನ್ನನ್ನು ಮದುವೆಯಾಗಲು ಒಪ್ಪಿಕೊಂಡಿದ್ದ ಷರತ್ತನ್ನು ಮುರಿದ ದೊರೆ ಕೌಶಿಕನ ಅರಮನೆಯನ್ನು ಬಿಟ್ಟು ಹೊರಡುತ್ತಾಳೆ. 17ನೆಯ ಶತಮಾನದ ಮರಾಠಿ ಸಂತಕವಿ ಬಹಿಣಾಬಾಯಿಯಾದರೋ ತನ್ನ ಭಕ್ತಿಯನ್ನು ಸಹಿಸದ ಗಂಡನಿಂದ ಹೊಡೆತ ತಿಂದುದನ್ನು ತನ್ನ ಆತ್ಮಕಥನದ ಅಭಂಗಗಳಲ್ಲಿ ಹೇಳಿಕೊಂಡರೂ ಅವನೊಂದಿಗೇ ಬಾಳಿದಳು. ಸಂತ್ರಸ್ತೆಯ ಮುಂದೆ ಎರಡನೆಯ ಕಥೆಯನ್ನಷ್ಟೇ ಇಡುವ ಉಪದೇಶಕರು ಪರಂಪರೆಯನ್ನು ಅರ್ಧವೇ ಓದಿದ್ದಾರೆನ್ನಬೇಕು.

ಹಿಂಸೆಯನ್ನು ಸಹಿಸಿಕೊಳ್ಳಬೇಕೇ ಎಂಬ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ, 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆಯು ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ ಮತ್ತು ಆರ್ಥಿಕ ಹಿಂಸೆಗಳನ್ನು ದೌರ್ಜನ್ಯದ ವ್ಯಾಖ್ಯೆಯೊಳಗೆ ತರುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಆಕೆಗೆ ಕೊಡುತ್ತದೆ. ಅದರ ನಿಯಮಗಳಂತೆ ಸಮಾಲೋಚನೆಯ ವೇಳೆ ಎದುರಾಳಿಯು ತಾನು ಹೊಡೆದುದಕ್ಕೆ ಸಮರ್ಥನೆ ನೀಡುವಂತಿಲ್ಲ, ಕಕ್ಷಿಗಳ ಸಂಬಂಧಿಗಳು ಸಾಮಾನ್ಯವಾಗಿ ಸಮಾಲೋಚಕರಾಗುವಂತಿಲ್ಲ. ‘ಅವಳೂ ಎದುರು ಮಾತಾಡಿದಳಲ್ಲ’ ಎಂಬಲ್ಲಿಂದಲೇ ಶುರುವಾಗುವ ಊರ ರಾಜಿಗೂ ಇದಕ್ಕೂ ಇರುವ ಅಂತರ ಇಷ್ಟರಿಂದಲೇ ತಿಳಿಯುತ್ತದೆ. ದೂರು ಸ್ವೀಕರಿಸಿ ವರದಿ ಸಿದ್ಧಪಡಿಸಲು ಸಂರಕ್ಷಣಾಧಿಕಾರಿಗಳಿದ್ದಾರೆ. 181 ಸಹಾಯವಾಣಿ, 2015ರಲ್ಲಿ ಆರಂಭವಾದ ‘ಸಖಿ’ ಕೇಂದ್ರಗಳು, ಕರ್ನಾಟಕದ ‘ಸಾಂತ್ವನ’ ಯೋಜನೆ, ಮೈಸೂರಿನ ಶಕ್ತಿಧಾಮದಂತಹ ಪುನರ್ವಸತಿ ಕೇಂದ್ರಗಳು ಈ ಸೇವಾಜಾಲದ ಭಾಗ.

ಈ ಸೇವೆಗಳಲ್ಲಿ ನಂಬಿಕೆಗೆ ಯಾವ ಸ್ಥಾನವೆಂಬ ಪ್ರಶ್ನೆಗೆ ಮರಳಿದರೆ, ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಧಾರ್ಮಿಕ ನಿಭಾವಣೆಯನ್ನು, ಅಂದರೆ ಕಷ್ಟವನ್ನು ನಂಬಿಕೆಯ ಬಲದಿಂದ ಎದುರಿಸುವ ಬಗೆಯನ್ನು, ಎರಡಾಗಿ ವಿಂಗಡಿಸುತ್ತಾನೆ: ದೇವರು ಜೊತೆಗಿದ್ದಾನೆಂಬ ಧೈರ್ಯ ಒಂದು, ದೇವರು ತನ್ನನ್ನು ಶಿಕ್ಷಿಸುತ್ತಿದ್ದಾನೆಂಬ ಅಳುಕು ಇನ್ನೊಂದು. ಆಶ್ರಯಕ್ಕೆ ಬಂದವಳ ಚೀಲದಲ್ಲಿ ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ಬಟ್ಟೆಗಳ ನಡುವೆ ಮನೆದೇವರ ಪಟವೂ ಇದ್ದರೆ ಅದು ಈ ಎರಡರಲ್ಲಿ ಯಾವುದನ್ನು ಹೊತ್ತು ತಂದಿದೆಯೆಂದು ಊಹಿಸುವುದಕ್ಕಿಂತ ಆಕೆಯನ್ನೇ ಕೇಳುವುದು ಸಮಾಲೋಚಕಿಯ ಕೆಲಸ. ಸಾಮೂಹಿಕ ಭಜನೆಯನ್ನು ಕಡ್ಡಾಯ ಮಾಡುವುದು ಎಷ್ಟು ತಪ್ಪೋ, ತಾಳಿ ತೆಗೆಯೆಂದೋ ಪೂಜೆ ಬಿಡೆಂದೋ ಒತ್ತಾಯಿಸುವುದೂ ಅಷ್ಟೇ ತಪ್ಪು. ಹರಕೆ ತೀರಿಸಲು ಊರ ಜಾತ್ರೆಗೆ ಹೋಗಬೇಕೆಂದರೆ ಅಲ್ಲಿ ಗಂಡ ಎದುರಾಗುವ ಅಪಾಯವಿದೆಯೇ, ಜೊತೆಗೆ ಯಾರು ಹೋಗುತ್ತಾರೆ, ರಾತ್ರಿ ಯಾವ ಬಸ್ಸಿಗೆ ಹಿಂದಿರುಗುವುದು ಎಂಬುದನ್ನು ಆಕೆಯೊಡನೆ ಕೂತು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.