ಲುಟೆಂಬಾಕರ್ ಸಹಲಕ್ಷಣ

ಹೃದಯದ ಎರಡು ಮೇಲ್ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ಉಳಿದ ರಂಧ್ರವೂ, ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟವೂ ಒಬ್ಬರಲ್ಲೇ ಕೂಡಿರುವ ಸ್ಥಿತಿಗೆ ಈ ಹೆಸರು. ಫ್ರಾನ್ಸಿನ ಕಾರ್ವಿಸಾರ್ 1811ರಲ್ಲೇ ಇಂಥ ಜೋಡಿಯನ್ನು ಗುರುತಿಸಿದ್ದರು. ಆದರೆ 1916ರಲ್ಲಿ ವಿವರವಾಗಿ ಬರೆದ ರೆನೆ ಲುಟೆಂಬಾಕರ್ ಅವರ ಹೆಸರೇ ನಿಂತಿತು. ಕವಾಟದ ದೋಷವೂ ಹುಟ್ಟಿನದೇ ಎಂಬುದು ಅವರ ಎಣಿಕೆ. ಒಂದೇ ಹೃದಯದಲ್ಲಿ ಎರಡು ಕೇಡು ಕಂಡಾಗ ಎರಡಕ್ಕೂ ಒಂದೇ ಮೂಲ ಹುಡುಕುವುದು ಸಹಜವಾದರೂ ಅವರ ರೋಗಿಯೇ ಆ ಎಣಿಕೆಗೆ ಎದುರಾಗಿದ್ದರು: ಏಳು ಬಾರಿ ಗರ್ಭ ಧರಿಸಿ 61ರ ವಯಸ್ಸು ಮುಟ್ಟಿದ್ದ ಮಹಿಳೆ ಆಕೆ. ಹುಟ್ಟುವಾಗಲೇ ಕವಾಟ ಬಿಗಿದಿದ್ದರೆ ಅಷ್ಟು ಕಾಲ ಬಾಳುವುದು ತೀರ ಅಪರೂಪ. ರಂಧ್ರ ಹುಟ್ಟಿನದು, ಕವಾಟದ ಬಿಗಿತ ಹೆಚ್ಚಾಗಿ ರುಮ್ಯಾಟಿಕ್ ಜ್ವರದ್ದು ಎಂಬ ತಿಳಿವಳಿಕೆ ಮುಂದೆ ನೆಲೆಯೂರಿತು.

ಇದು ಬರೀ ಕಾಕತಾಳೀಯ, ಇದಕ್ಕೆ ಬೇರೆ ಹೆಸರೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದು ಕಾಯಿಲೆ ಇನ್ನೊಂದನ್ನು ತರುವುದಿಲ್ಲ. ಆದರೆ ಅವು ಕೂಡಿದ ಮೇಲೆ ಒಂದರ ಗುರುತನ್ನು ಇನ್ನೊಂದು ಮರೆಸುತ್ತದೆ. ದಳಗಳ ಅಂಚು ಬೆಸೆದು ಮೀನಿನ ಬಾಯಿಯಂತಾದ ಕವಾಟದ ಹಿಂದೆ ಒತ್ತಡ ಏರಿದಾಗ, ರಕ್ತ ರಂಧ್ರದ ಮೂಲಕ ಬಲಗಡೆಗೆ ನುಗ್ಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವುದು ತಪ್ಪುತ್ತದೆ, ಸ್ಟೆತಾಸ್ಕೋಪಿಗೆ ಸಿಗಬೇಕಾದ ಮರ್ಮರ ಮೆತ್ತಗಾಗುತ್ತದೆ, ಬಲ ಹೃದಯ ಮಾತ್ರ ಸದ್ದಿಲ್ಲದೆ ಹಿಗ್ಗುತ್ತ ಹೋಗುತ್ತದೆ. ರಂಧ್ರವೊಂದನ್ನೇ ಕಂಡು ಮುಚ್ಚಿದರೆ ಒತ್ತಡಕ್ಕೆ ಇದ್ದ ಹಾದಿಯೂ ಮುಚ್ಚಿ, ಉಸಿರು ಕಟ್ಟುವ ಅಪಾಯವಿದೆ. ಒಂದು ರೋಗ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಡ.

ಕವಾಟ ಕಿರಿದಾಗಲು ದಶಕಗಳೇ ಬೇಕು, ಮಕ್ಕಳಲ್ಲಿ ಇದನ್ನು ಹುಡುಕುವುದು ವ್ಯರ್ಥ ಎನ್ನುವವರುಂಟು. ಯುರೋಪಿನ ಅನುಭವಕ್ಕೆ ಅದು ಹೊಂದುವ ಮಾತು. ನಮ್ಮಲ್ಲಿ ಹಾಗಲ್ಲ: ಸುಜಯ್ ರಾಯ್ ಮತ್ತು ಸಂಗಡಿಗರು 1963ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಭಾರತದಲ್ಲಿ ಇಪ್ಪತ್ತು ತುಂಬುವ ಮುನ್ನವೇ ಮೈಟ್ರಲ್ ಕವಾಟ ಬಿಗಿಯುವುದನ್ನು ದಾಖಲಿಸಿದರು. ರುಮ್ಯಾಟಿಕ್ ಜ್ವರ ಸಾಮಾನ್ಯವಾಗಿ 5ರಿಂದ 15ರ ವಯಸ್ಸಿನಲ್ಲಿ, ಸ್ಟ್ರೆಪ್ಟೋಕಾಕಸ್ ಸೋಂಕಿನ ಗಂಟಲುನೋವಿನ ಕೆಲವು ವಾರಗಳ ಬಳಿಕ ಬರುತ್ತದೆ. ಮರುಕಳಿಸಿದಷ್ಟೂ ಕವಾಟ ಕೆಡುತ್ತದೆ. ಇಕ್ಕಟ್ಟಾದ ಮನೆಗಳಲ್ಲಿ ಈ ಸೋಂಕು ಬೇಗ ಹರಡುವುದರಿಂದ ಬಡವರ ಮಕ್ಕಳಿಗೇ ಇದರ ಪೆಟ್ಟು ಹೆಚ್ಚು. ಹುಟ್ಟು ದೋಷವನ್ನು ತಡೆಯುವ ದಾರಿ ನಮ್ಮ ಕೈಯಲ್ಲಿ ಹೆಚ್ಚಿಲ್ಲ, ಜ್ವರ ಮರುಕಳಿಸದಂತೆ ತಡೆಯುವ ದಾರಿ ಇದೆ. ಅದು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್. ರಂಧ್ರ ಮುಚ್ಚಿದ ಮಾತ್ರಕ್ಕೆ ಅದನ್ನು ನಿಲ್ಲಿಸುವಂತಿಲ್ಲ.